ಮನೆಯಲ್ಲೇ ಧ್ವನಿಮುದ್ರಣ: ಪ್ರಿಆಂಪ್ ಕಲಿಸಿದ ಪಾಠ



ನಮ್ಮೂರು ಅಗರ. ನಮ್ಮ ಪಕ್ಕದ ಬೀದಿಯಲ್ಲಿ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರ ತಾತ ಒಬ್ಬರಿದ್ದಾರೆ. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಕಳೆದ ಬೇಸಿಗೆ ರಜೆಯಲ್ಲಿ ಅವರ ಹಾಡನ್ನು ರೆಕಾರ್ಡ್ ಮಾಡಿಡಬೇಕೆಂದು ಹೊರಟೆ. ಮನೆಯಲ್ಲಿ ಕಂಪ್ಯೂಟರ್, ಒಂದು ಡೈನಾಮಿಕ್ ಮೈಕ್, ಒಂದು ಆಡಿಯೊ ಇಂಟರ್‌ಫೇಸ್ ಇದ್ದವು. ಅಷ್ಟು ಸಾಲದೆಂದು ಮೈಕ್ ಸೆಟ್ ಇಟ್ಟಿರುವ ಸಂಬಂಧಿಕರೊಬ್ಬರಿಂದ ಪ್ರತ್ಯೇಕ ಪ್ರಿಆಂಪ್ ಮತ್ತು ಕಂಪ್ರೆಸರ್ ಕೇಳಿ ತಂದೆ. ಪೆಟ್ಟಿಗೆಗಳು ಹೆಚ್ಚಾದಷ್ಟೂ ಧ್ವನಿ ಚೆನ್ನಾಗಿರುತ್ತದೆ ಎಂಬುದು ನನ್ನ ಲೆಕ್ಕ.

ತಾತ ಒಂದು ಗಂಟೆ ಮೈಮರೆತು ಹಾಡಿದರು. ಕಂಪ್ಯೂಟರಿನ ಮೀಟರ್ ಹಸಿರಾಗಿಯೇ ಇತ್ತು. ರಾತ್ರಿ ಕೇಳಿದರೆ ಏರುದನಿಯೆಲ್ಲ ಒಡೆದು ಗರಗರ ಎನ್ನುತ್ತಿತ್ತು. ಗಗ್ಗರ ಝಲ್ಲೆಂದಾಗಲೆಲ್ಲ ತಾತನ ದನಿ ಕುಗ್ಗಿಹೋಗುತ್ತಿತ್ತು. ಮಾರನೆಯ ವಾರ ಮತ್ತೆ ಹಾಡಿ ಎಂದು ಕೇಳಲು ಹೋದೆ. ಅವರಿಗೆ ಕೆಮ್ಮು ಹಿಡಿದಿತ್ತು. "ಈಗ ಗಂಟ್ಲು ಏಳದಿಲ್ಲ ಕನ ಮಗ" ಎಂದರು.

ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಿಆಂಪ್ ಏನು ಮಾಡುತ್ತದೆ?

ಮೈಕ್ ಧ್ವನಿಯನ್ನು ವಿದ್ಯುತ್ತಾಗಿ ಬದಲಿಸುತ್ತದೆ. ಆದರೆ ಡೈನಾಮಿಕ್ ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಸ್ಟುಡಿಯೊ ಉಪಕರಣಗಳ 'ಲೈನ್' ಮಟ್ಟ ಸುಮಾರು 1.2 ವೋಲ್ಟ್. 2 ಮಿಲಿವೋಲ್ಟನ್ನು 1.2 ವೋಲ್ಟಿಗೆ ಏರಿಸಬೇಕಾದರೆ 600 ಪಟ್ಟು ವರ್ಧನೆ ಬೇಕು. ಗಣಿತದಲ್ಲಿ ಕಲಿತ ಲಾಗರಿದಮ್ ಇಲ್ಲಿ ಕೆಲಸಕ್ಕೆ ಬರುತ್ತದೆ: 20 × ಲಾಗ್ 600, ಅಂದರೆ ಸುಮಾರು 56 ಡೆಸಿಬಲ್. ಈ ಮೊದಲ ವರ್ಧನೆ ಮಾಡುವುದೇ ಪ್ರಿಆಂಪ್.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಮೈಕೂ ಇರಲಿಲ್ಲ, ಪ್ರಿಆಂಪೂ ಇರಲಿಲ್ಲ. ದೊಡ್ಡ ಕಹಳೆಯೊಳಗೆ ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಬಲವೇ ಸೂಜಿಯನ್ನು ಅಲುಗಿಸುತ್ತಿತ್ತು. ಮೈಕ್ ಮತ್ತು ವರ್ಧಕ ಬಳಸುವ ವಿದ್ಯುತ್ ಮುದ್ರಣ ಬಂದದ್ದು 1925ರಲ್ಲಿ. ಆ ಗಾಯಕಿ ಕೊನೆಯ ದಿನಗಳನ್ನು ನಮ್ಮ ಮೈಸೂರಿನಲ್ಲೇ ಕಳೆದು 1930ರಲ್ಲಿ ತೀರಿಕೊಂಡರು.

ನನ್ನ ಮೊದಲ ತಪ್ಪು

ಪ್ರತಿ ವರ್ಧಕಕ್ಕೂ ಒಂದು ವೋಲ್ಟೇಜ್ ಮಿತಿ ಇದೆ. ಅದನ್ನು ಮೀರಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ನಾನು ಪ್ರಿಆಂಪಿನ ಗೇನ್ ಪೂರ್ತಿ ಏರಿಸಿದ್ದೆ. ಕಂಪ್ಯೂಟರಿನ ಮೀಟರ್ ಕೆಂಪಾದಾಗ ಕೊನೆಯಲ್ಲಿದ್ದ ಕಂಪ್ರೆಸರಿನ ಔಟ್‌ಪುಟ್ ತಗ್ಗಿಸಿದೆ. ಮೀಟರ್ ಹಸಿರಾಯಿತು. ಆದರೆ ಅಲೆ ಮೊದಲ ಪೆಟ್ಟಿಗೆಯಲ್ಲೇ ಕತ್ತರಿಸಿಹೋಗಿತ್ತು. ಕಂಪ್ಯೂಟರಿನ ಮೀಟರ್ ತನ್ನ ಬಳಿ ಬಂದ ಮಟ್ಟವನ್ನಷ್ಟೇ ತೋರಿಸುತ್ತದೆ. ಹಿಂದೆ ಏನಾಯಿತೆಂದು ಹೇಳುವುದಿಲ್ಲ. ಒಡೆದ ಹಾಲಿಗೆ ಎಷ್ಟು ನೀರು ಬೆರೆಸಿದರೂ ಅದು ಮತ್ತೆ ಹಾಲಾಗುವುದಿಲ್ಲ.

ಇದರ ಮೇಲೆ, ತಂತಿಯನ್ನು ಇಂಟರ್‌ಫೇಸಿನ ಮೈಕ್ ಇನ್‌ಪುಟ್‌ಗೇ ಸಿಕ್ಕಿಸಿದ್ದೆ. ಅಲ್ಲಿ ಇನ್ನೊಂದು ಪ್ರಿಆಂಪ್ ಒಳಗೇ ಇರುತ್ತದೆ. ಹಾಗಾಗಿ ಗದ್ದಲವೂ ಎರಡನೆಯ ಸಲ ವರ್ಧನೆಯಾಯಿತು.

ಎರಡನೆಯ ತಪ್ಪು

ಕಂಪ್ರೆಸರ್ ಮಿತಿ ಮೀರಿದ ಶಬ್ದವನ್ನು ತಗ್ಗಿಸುತ್ತದೆ. ಅನುಪಾತ 4:1 ಇದ್ದು, ಶಬ್ದ ಮಿತಿಗಿಂತ 12 ಡೆಸಿಬಲ್ ಮೇಲಿದ್ದರೆ ಹೊರಬರುವುದು 3 ಡೆಸಿಬಲ್ ಮಾತ್ರ ಮೇಲೆ. 9 ಡೆಸಿಬಲ್ ಕಡಿತ. ಒಂದೇ ಮೈಕಿಗೆ ಹಾಡೂ ಗಗ್ಗರವೂ ಬೀಳುತ್ತಿದ್ದವು. ಗಗ್ಗರದ ಪೆಟ್ಟಿಗೆ ಕಂಪ್ರೆಸರ್ ಎಲ್ಲವನ್ನೂ ತಗ್ಗಿಸಿದಾಗ ತಾತನ ದನಿಯೂ ಅದರ ಜೊತೆ ಇಳಿಯಿತು. ಮುದ್ರಣದ ಹೊತ್ತಿನಲ್ಲೇ ಆದದ್ದರಿಂದ ಅದನ್ನು ತೆಗೆಯಲು ದಾರಿಯಿರಲಿಲ್ಲ.

ನೀವು ಹೀಗೆ ಮಾಡಿ

1. ಪ್ರತ್ಯೇಕ ಪ್ರಿಆಂಪ್ ಬಳಸುವುದಾದರೆ ಅದರ ಔಟ್‌ಪುಟ್ಟನ್ನು ಇಂಟರ್‌ಫೇಸಿನ ಲೈನ್ ಇನ್‌ಪುಟ್‌ಗೆ ಕೊಡಿ. ಇಂಟರ್‌ಫೇಸಿನ 48 ವೋಲ್ಟ್ ಸ್ವಿಚ್ ಆರಿಸಿಡಿ. ಅದು ಬೇಕಿರುವುದು ಕಂಡೆನ್ಸರ್ ಮೈಕಿಗೆ.

2. ಹಾಡುವವರಿಗೆ ಅತಿ ಏರುದನಿಯ ಭಾಗವನ್ನು ಮೊದಲು ಹಾಡಲು ಹೇಳಿ. ಮೊದಲ ಪೆಟ್ಟಿಗೆಯಿಂದ ಶುರುಮಾಡಿ ಒಂದೊಂದರ ಮಟ್ಟವನ್ನೂ ನೋಡಿ. ಕಂಪ್ಯೂಟರಿನಲ್ಲಿ ಏರುದನಿ ಮೈನಸ್ 12 ಡೆಸಿಬಲ್ ಸುಮಾರಿಗೆ ನಿಲ್ಲಲಿ. 24 ಬಿಟ್ ಮುದ್ರಣದಲ್ಲಿ ಲೆಕ್ಕದ ಪ್ರಕಾರ 144 ಡೆಸಿಬಲ್ ವ್ಯಾಪ್ತಿ ಇರುವುದರಿಂದ ಮೀಟರ್ ತುಂಬಿಸಬೇಕಾಗಿಲ್ಲ.

3. ಕಂಪ್ರೆಸರ್ ಕೆಲಸವನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ, ಪ್ರತಿಯೊಂದರ ಮೇಲೆ ಮಾಡಿ. ಮೂಲವನ್ನು ಮುಟ್ಟಬೇಡಿ.

4. ಗುಂಯ್ ಎಂಬ 50 ಹರ್ಟ್ಸ್ ಸದ್ದು ಬಂದರೆ ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟು, ಬ್ಯಾಲೆನ್ಸ್ಡ್ ಕೇಬಲ್ ಬಳಸಿ ನೋಡಿ.

ಹಾಗಾದರೆ ಪ್ರತ್ಯೇಕ ಪ್ರಿಆಂಪ್ ಬೇಡವೇ? ದನಿ ಮೆಲ್ಲಗಿದ್ದು, ಮೈಕಿನ ಸಂಕೇತಕ್ಕೆ ಇಂಟರ್‌ಫೇಸಿನ ಗೇನ್ ಸಾಲದಿದ್ದರೆ ಬೇಕು. ಉಳಿದಂತೆ, ಮನೆಯ ಕೆಲಸಕ್ಕೆ ಒಳಗಿರುವುದೇ ಸಾಕು.

ತಿಂಗಳ ನಂತರ ತಾತ ಕಾಲು ಗಂಟೆ ಹಾಡಿದರು. ಒಂದು ಮೈಕ್, ಒಂದು ಇಂಟರ್‌ಫೇಸ್, ಅಷ್ಟೇ. ಮುದ್ರಣ ಶುದ್ಧವಾಗಿ ಬಂತು. ಗೌಹರ್ ಜಾನ್ ತಮ್ಮ ಮುದ್ರಿಕೆಗಳ ಕೊನೆಯಲ್ಲಿ ಹೆಸರು ಹೇಳುತ್ತಿದ್ದ ಹಾಗೆ, ತಾತನಿಂದಲೂ ಕೊನೆಗೆ ಹೆಸರು, ಊರು ಹೇಳಿಸಿದೆ. ಆದರೆ ಮೊದಲ ದಿನದ ಆ ಏರುದನಿ ಅದರಲ್ಲಿಲ್ಲ. ಅದು ಹೋದದ್ದು ಹೋಯಿತು.

ನಿಮ್ಮ ಮನೆಯಲ್ಲೂ ಹಾಡು ಬಲ್ಲ, ಕಥೆ ಬಲ್ಲ ಹಿರಿಯರಿರಬಹುದು. ಅವರ ಒಪ್ಪಿಗೆ ಪಡೆದು ಮುದ್ರಿಸಿಡಿ. ಸಲಕರಣೆ ಸಣ್ಣದಾದರೂ ಪರವಾಗಿಲ್ಲ. ಹಾಡು ಶುರುವಾಗುವ ಮುಂಚೆ ಒಂದು ನಿಮಿಷ ರೆಕಾರ್ಡ್ ಮಾಡಿ, ಕೇಳಿ ನೋಡಿ.