ಒಂದೇ ಸಾಕ್ಷಿಗೆ ತೀರ್ಪು ಬೇಡ

ಮಗಳೇ, ಮಣ್ಣಿನ ಸಾವಯವ ಸಾರಜನಕದ ಸಂಶೋಧನೆಗೆ ಇಳಿದಿದ್ದೀಯ ಎಂದು ಕೇಳಿ ತುಂಬ ಸಂತೋಷವಾಯಿತು. ಮೇಲ್ಮಣ್ಣಿನ ಸಾರಜನಕದಲ್ಲಿ ಶೇಕಡ 90ಕ್ಕೂ ಹೆಚ್ಚು ಸಾವಯವ ರೂಪದಲ್ಲೇ ಇರುತ್ತದೆ. ಎಷ್ಟಿದೆ ಎಂದು ತಿಳಿಯಲು 1883ರಲ್ಲೇ ಬಂದ ಕೆಲ್ಡಾಲ್ ವಿಧಾನ ಸಾಕು. ಯಾವ ರೂಪದಲ್ಲಿದೆ, ಬೆಳೆಗೆ ಯಾವಾಗ ದಕ್ಕುತ್ತದೆ ಎಂಬುದೇ ಕಷ್ಟದ ಪ್ರಶ್ನೆ. ಅಲ್ಲಿ ಒಂದೇ ಸಾಕ್ಷಿಯ ಮಾತು ಕೇಳಿ ತೀರ್ಪು ಕೊಡಬೇಡ.

ಹಳೆಯ ದಾರಿಯಲ್ಲಿ ಮಣ್ಣನ್ನು 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಕಾಯಿಸುತ್ತೇವೆ. ಅಮೈನೋ ಆಮ್ಲ, ಅಮೈನೋ ಸಕ್ಕರೆಗಳು ಬಿಡಿಯಾಗಿ ಸಿಗುತ್ತವೆ. ದೊಡ್ಡದೊಂದು ಪಾಲು ಗುರುತು ಸಿಗದೆ ಉಳಿಯುತ್ತದೆ. ಕಾಯಿಸುವಾಗಲೇ ಸಕ್ಕರೆ, ಅಮೈನೋ ಆಮ್ಲ ಕೂಡಿ ಮೊದಲಿಲ್ಲದ ವಸ್ತು ಹುಟ್ಟುವುದೂ ಉಂಟು.

ಇನ್ನೊಂದು ದಾರಿ, ಪರಮಾಣು ಬೀಜಗಳ ಕಾಂತೀಯ ಸಂಕೇತ ಓದುವ ಎನ್‌ಎಂಆರ್. ಅದರಲ್ಲಿ ಬಹುಪಾಲು ಸಾರಜನಕ ಪ್ರೋಟೀನಿನಲ್ಲಿರುವಂಥ ಅಮೈಡ್ ರೂಪದಲ್ಲೇ ಕಾಣುತ್ತದೆ. ಆದರೆ ಅದು ನೋಡುವ ಸಾರಜನಕ-15 ಪ್ರಕೃತಿಯಲ್ಲಿರುವುದು ಶೇಕಡ 0.37 ಮಾತ್ರ, ಸಂಕೇತ ಬಲು ಕ್ಷೀಣ. ನಮ್ಮ ಕೆಂಪು ಮಣ್ಣಿನ ಕಬ್ಬಿಣ ಅದನ್ನು ಇನ್ನಷ್ಟು ಮಸುಕಾಗಿಸುತ್ತದೆ. ಕಬ್ಬಿಣ ತೆಗೆಯಲು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತೊಳೆದರೆ ಸ್ವಲ್ಪ ಸಾರಜನಕವೂ ಕೊಚ್ಚಿಹೋಗುತ್ತದೆ. ತೊಳೆಯುವ ಮೊದಲು, ಆಮೇಲೆ, ಎರಡೂ ಸಲ ಅಳೆದು ಬರೆದಿಡು. ಆ ಆಮ್ಲ ಚರ್ಮ ದಾಟಿ ಮೂಳೆಯವರೆಗೂ ಇಳಿಯುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದೆ ಬಾಟಲಿ ತೆರೆಯಲೇಬೇಡ.

ಸಿಂಕ್ರೋಟ್ರಾನಿನ ಎಕ್ಸ್-ಕಿರಣ ಸುಮಾರು 400 ಎಲೆಕ್ಟ್ರಾನ್ ವೋಲ್ಟ್ ಬಳಿ ಪಿರಿಡಿನ್‌ನಂಥ ಉಂಗುರಗಳನ್ನೂ ತೋರಿಸುತ್ತದೆ. ಆದರೆ ಕಿರಣವೇ ಮಾದರಿಯನ್ನು ಬದಲಿಸಬಲ್ಲದು. ಒಂದೇ ಜಾಗವನ್ನು ಮತ್ತೆ ಮತ್ತೆ ಅಳೆದು ರೋಹಿತ ಬದಲಾಗುತ್ತದೆಯೇ ನೋಡು.

ಹೀಗೆ ತಾಳ್ಮೆಯಿಂದ ಹುಡುಕಿದರೆ ಏನು ಸಿಗುತ್ತದೆ ಗೊತ್ತೇ? ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೆಯುತ್ತಿದ್ದರು. ಮಣ್ಣಿನ ಒಟ್ಟು ಸಾರಜನಕ ತಗ್ಗಿರಲಿಲ್ಲ. ಬೆಳೆಗೆ ಸಿಗುವುದು ಮಾತ್ರ ತಗ್ಗಿ, ಇಳುವರಿ ಕುಸಿದಿತ್ತು. ಶ್ಮಿಟ್-ರೋರ್, ಮಾವೊ, ಓಲ್ಕ್ 2004ರಲ್ಲಿ ಆ ಮಣ್ಣಿನ ಹ್ಯೂಮಿಕ್ ಅಂಶವನ್ನು ಎನ್‌ಎಂಆರ್‌ಗೆ ಒಡ್ಡಿ, ಸಾರಜನಕಕ್ಕೆ ಅಂಟಿದ ಇಂಗಾಲವನ್ನು ಹುಡುಕಿದರು. ಸದಾ ನೀರು ನಿಂತ ಗದ್ದೆಯಲ್ಲಿ ಪೂರ್ತಿ ಕೊಳೆಯದ ಲಿಗ್ನಿನ್‌ನ ಉಂಗುರಗಳಿಗೆ ಸಾರಜನಕ ನೇರವಾಗಿ ಬೆಸೆದುಕೊಂಡಿತ್ತು. ಇಳುವರಿ ಕುಸಿತಕ್ಕೆ ಅದೊಂದು ವಿವರಣೆಯಾಯಿತು.

ಅವರ ರೋಹಿತಕ್ಕೆ ಬೆಲೆ ಬಂದದ್ದು ಗದ್ದೆಯ ಪ್ರಶ್ನೆಯೊಂದು ಅದರ ಹಿಂದಿದ್ದುದರಿಂದ. ನೀನೂ ರೋಹಿತದ ಪಕ್ಕದಲ್ಲಿ ಬೆಳೆ ಹೀರಿದ ಸಾರಜನಕದ ಲೆಕ್ಕ ಇಟ್ಟುಕೊಂಡೇ ಓದು. ಎರಡೂ ತಾಳೆಯಾದರೆ ಧೈರ್ಯವಾಗಿ ಬರೆ. ತಾಳೆಯಾಗದಿದ್ದರೆ ಅದನ್ನು ಮುಚ್ಚಿಡದೆ ಬರೆ. ನಿನ್ನ ಮುಂದಿನ ಪ್ರಯೋಗ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಅದೇ ತಿಳಿಸುತ್ತದೆ.