ಐಪಿಟಿವಿ, ಒಟಿಟಿ: ಒಂದೇ ಚಾನೆಲ್, ಎರಡು ಕಾನೂನು

ಟಿವಿ ಇಂಟರ್ನೆಟ್ ಪ್ರೋಟೋಕಾಲ್‌ನಲ್ಲಿ ಬಂದಾಗ ಭಾರತದ ಕಾನೂನು ಮುಖ್ಯವಾಗಿ ನೋಡುವುದು ಚಿತ್ರವನ್ನಲ್ಲ, ಅದು ಬಂದ ದಾರಿಯನ್ನು. ಐಪಿಟಿವಿಯಲ್ಲಿ ಕಂಪನಿ ತನ್ನದೇ ನಿಯಂತ್ರಿತ ಜಾಲದಲ್ಲಿ ಸೆಟ್‌ಟಾಪ್ ಬಾಕ್ಸ್‌ಗೆ ಚಾನೆಲ್ ತಲುಪಿಸುತ್ತದೆ. ಮಲ್ಟಿಕಾಸ್ಟ್ ವಿಧಾನದಿಂದಾಗಿ ವೀಕ್ಷಕ ಒತ್ತಿದ ಚಾನೆಲ್ ಮಾತ್ರ ಮನೆಯವರೆಗೆ ಹರಿಯುತ್ತದೆ. ಐಪಿಟಿವಿಗೆ ಕೇಂದ್ರದ 2008ರ ಮಾರ್ಗಸೂಚಿಯ ಜೊತೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ದರ ನಿಯಮಗಳೂ ಅನ್ವಯ. ಒಟಿಟಿ, ಅಂದರೆ ಆ್ಯಪ್ ಮೂಲಕ ಸಿಗುವ ವೀಡಿಯೊ ಸೇವೆ, ಸಾಗುವುದು ತೆರೆದ ಇಂಟರ್ನೆಟ್‌ನಲ್ಲಿ. 2020ರ ನವೆಂಬರ್‌ನಲ್ಲಿ ಅದು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವ್ಯಾಪ್ತಿಗೆ ಬಂತು. ಅದರ ವಿಷಯವಸ್ತುವಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಿವೆ. ಬೆಲೆಗೆ ಮಾತ್ರ ಟ್ರಾಯ್‌ನ ಕಡಿವಾಣವಿಲ್ಲ.

ಕೇಬಲ್, ಡಿಟಿಎಚ್, ಐಪಿಟಿವಿಗಳಲ್ಲಿ ಪಾವತಿ ಚಾನೆಲ್‌ಗೆ ಪ್ರಸಾರಕರು ಗರಿಷ್ಠ ಚಿಲ್ಲರೆ ಬೆಲೆ ಘೋಷಿಸಲೇಬೇಕು. ಅದೇ ಚಾನೆಲ್ ಅವರದೇ ಆ್ಯಪ್‌ನಲ್ಲಿ ನೇರಪ್ರಸಾರವಾದರೆ ಈ ಕಟ್ಟಳೆ ಇಲ್ಲ, ಉಚಿತವಾಗಿಯೂ ಕೊಡಬಹುದು. ಒಂದೇ ಚಾನೆಲ್‌ಗೆ ಎರಡು ನಿಯಮ ಎಂಬ ಕೇಬಲ್ ಉದ್ಯಮದ ದೂರು ಇಲ್ಲೇ ಹುಟ್ಟುವುದು, ಮತ್ತು ಅದರಲ್ಲಿ ಹುರುಳಿದೆ. ಆ್ಯಪ್‌ಗೂ ಅದೇ ನಿಯಮ ಬೇಕೆಂದರೆ, ಅದಕ್ಕೆ ಸ್ವಂತ ಜಾಲವಿಲ್ಲ, ಗುಣಮಟ್ಟದ ಹೊಣೆ ಹೊರಿಸುವುದು ಹೇಗೆ ಎಂಬ ಆಕ್ಷೇಪ ಸರಿಯೇ. ಆದರೆ ಅದು ತಾಂತ್ರಿಕ ಗುಣಮಟ್ಟದ ನಿಯಮಕ್ಕಷ್ಟೇ ಉತ್ತರ. ನೇರ ಚಾನೆಲ್‌ನ ಬೆಲೆಯ ಪ್ರಶ್ನೆಗೆ ಜಾಲದ ಒಡೆತನ ಸಂಬಂಧಿಸಿದ್ದೇ ಅಲ್ಲ. ಹಾಗೆಂದು ಒಟಿಟಿಗೂ ಪರವಾನಗಿ ಹೇರಬೇಕಿಲ್ಲ, ಕೇಬಲ್‌ನ ಬೆಲೆ ನಿಯಂತ್ರಣ ಸಡಿಲಿಸಿದರೂ ಅಸಮತೆ ತಗ್ಗುತ್ತದೆ.