ಕಲ್ಲಿದ್ದಲನ್ನು ನಂಬಿದ ಬೆಟ್ಟಸೀಮೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗಕ್ಕೆ ಕೌಂಟಿ ಎಂದು ಹೆಸರು. ವೆಸ್ಟ್ ವರ್ಜೀನಿಯ ಸಂಸ್ಥಾನದ ದಕ್ಷಿಣದ ಅಂಚಿನಲ್ಲಿ, ಅಪಲೇಷಿಯನ್ ಪರ್ವತಸೀಮೆಯಲ್ಲಿರುವ ಮ್ಯಾಕ್‌ಡವೆಲ್ ಅಂಥದೊಂದು ಕೌಂಟಿ. ಇದು ರಚಿತವಾದುದು 1858ರಲ್ಲಿ. 1860ರ ಜನಗಣತಿಯಂತೆ ಇಲ್ಲಿದ್ದವರು 1,535 ಮಂದಿ, 1950ರಲ್ಲಿ 98,887, 2020ರಲ್ಲಿ 19,111. ಈ ಏರಿಳಿತಕ್ಕೆ ಕಾರಣವೇನು?

ಇಲ್ಲಿನ ಬೆಟ್ಟಗಳ ಒಡಲಲ್ಲಿ, ಸುಮಾರು 30 ಕೋಟಿ ವರ್ಷಗಳ ಹಿಂದಿನ ಜೌಗುಕಾಡುಗಳಿಂದಾದ ಕಲ್ಲಿದ್ದಲಿನ ಪದರಗಳಿವೆ. ಕಾಯಿಸಿದಾಗ ಅನಿಲವಾಗಿ ಹೊರಡುವ ಅಂಶ ಇದರಲ್ಲಿ ಕಡಮೆ. ಆದ್ದರಿಂದ ಹೊಗೆ ಅಲ್ಪ, ಶಾಖ ಅಧಿಕ. ಉಗಿಹಡಗುಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಇದು ಬಹು ಪ್ರಿಯವಾಗಿತ್ತು. ಕಳೆದ ಶತಮಾನಕ್ಕೆ ಹಿಂದಿನ ಶತಮಾನದ ಕೊನೆಯಲ್ಲಿ ರೈಲುಮಾರ್ಗ ಬಂದೊಡನೆ ಗಣಿಗಳು ತೆರೆದುವು. ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಆಫ್ರಿಕನ್ ಮೂಲದವರೂ ಇಟಲಿ, ಹಂಗೆರಿಗಳಿಂದ ವಲಸೆಗಾರರೂ ಬಂದು ನೆಲಸಿದರು.

ಇದ್ದಲು ಬರಿದಾದುದರಿಂದ ಜನ ಹೊರಟರೆಂದು ವಿದ್ಯಾರ್ಥಿಗಳು ಭಾವಿಸಬಾರದು. ಕತ್ತರಿಸಿ ತುಂಬುವ ಯಂತ್ರಗಳು ಗಣಿಗಿಳಿದುವು. ಅನೇಕರ ಕೆಲಸವನ್ನು ಕೆಲವರೇ ಮಾಡತೊಡಗಿದರು. ಅದೇ ಕಾಲಕ್ಕೆ ರೈಲುಗಳು ಡೀಸೆಲ್ಲಿಗೂ ಮನೆಗಳು ಎಣ್ಣೆ, ಅನಿಲಗಳಿಗೂ ತಿರುಗಿದುವು. 1960ರ ವೇಳೆಗೆ ಜನಸಂಖ್ಯೆ 71,359ಕ್ಕೆ ಇಳಿದಿತ್ತು.

ಕೆಲಸ ತಪ್ಪಿದವನು ಬೇಸಾಯಕ್ಕೆ ಮರಳಬಹುದಿತ್ತಲ್ಲವೆ? ಇಲ್ಲಿ ಅದು ಸುಲಭವಲ್ಲ. ತೊರೆಗಳು ಆಳವಾಗಿ ಕೊರೆದ ಈ ನಾಡಿನಲ್ಲಿ ಸಮತಟ್ಟಾದ ಭೂಮಿಯೆಂದರೆ ಕಿರಿದಾದ ಕಣಿವೆಯ ತಳವಷ್ಟೆ. ರಸ್ತೆ, ರೈಲು, ಮನೆಗಳೆಲ್ಲ ಅಲ್ಲಿಯೇ ಒತ್ತೊತ್ತಾಗಿವೆ. 2001 ಮತ್ತು 2002ರಲ್ಲಿ ಪ್ರವಾಹವೂ ಅಲ್ಲಿಗೇ ನುಗ್ಗಿತು. ಕೆನೆಡಿಯವರ ಸರ್ಕಾರ 1961ರಲ್ಲಿ ಬಡವರಿಗಾಗಿ ಪ್ರಯೋಗರೂಪದಲ್ಲಿ ತಂದ ಆಹಾರಚೀಟಿಗಳು ಮೊದಲು ವಿತರಣೆಯಾದುದು ಈ ಇದ್ದಲಿನ ಸೀಮೆಯಲ್ಲಿಯೇ.